ನಾನು ಬರೆದುಕೊಟ್ಟ ತಪ್ಪೊಪ್ಪಿಗೆ

ಮಾಗಡಿಯಲ್ಲಿ ನನಗೆ ಬಾಡಿಗೆ ಮನೆ ಸಿಕ್ಕಿದ್ದು ದೇವಿಯ ಮುಡಿಯಿಂದ ಒಂದು ಹೂವು ಬಲಕ್ಕೆ ಬಿದ್ದಿದ್ದರಿಂದ. ಮನೆಯೊಡತಿ ಜಯಮ್ಮ ನನ್ನ ಕಾಲೇಜಿನ ಪತ್ರವನ್ನು ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮ ಹಳ್ಳಿಯ ಗುಡಿಗೆ ಕರೆದೊಯ್ದು, "ಈಯಮ್ಮನ್ನ ಇರುಸ್ಕಳ್ಳದಾ ಬ್ಯಾಡ್ವಾ" ಎಂದು ದೇವಿಯನ್ನೇ ಕೇಳಿದರು. ಇದಕ್ಕೆ ಇಲ್ಲಿ ಹೂ ಕೇಳುವುದು ಎನ್ನುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಬೀದರಿನಿಂದ ಬಂದ ಇಂಗ್ಲಿಷ್ ಎಂ.ಎ. ನಾನು, ಬಾಯಿ ಮುಚ್ಚಿಕೊಂಡು ಕೈಮುಗಿದು ನಿಂತಿದ್ದೆ.

ನಮ್ಮ ಕಡೆ ಜೋಳದ ರೊಟ್ಟಿಯನ್ನು ಅಗಿದಗಿದು ತಿನ್ನುತ್ತೇವೆ. ಇಲ್ಲಿ ಮುದ್ದೆ ಅಗಿದರೆ ನಗುತ್ತಾರೆ. 'ಒಸಿ' ಎಂದರೆ ಸ್ವಲ್ಪ ಎಂದು ಎರಡೇ ದಿನದಲ್ಲಿ ಕಲಿತೆ. ಜಯಮ್ಮನ 'ಒಸಿ' ಸಾರು ತಟ್ಟೆ ತುಂಬ ಇರುತ್ತದೆ ಎಂದು ತಿಳಿಯಲು ತಿಂಗಳು ಹಿಡಿಯಿತು. ಭಾನುವಾರ ಮಾತಿಗೆ ಯಾರೂ ಇಲ್ಲದೆ ಬಸ್ ನಿಲ್ದಾಣದಲ್ಲಿ ಹೋಗಿ ಕೂರುತ್ತಿದ್ದೆ.

ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ, ಅಂದರೆ ಪ್ರತಿ ಜೂನ್‌ನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವಳು. ಪಾಠ ಮಾಡಬೇಕಾದದ್ದು ಪ್ಯೂರಿಟನ್ನರನ್ನು. ತಮಗೆ ಸರಿಕಂಡಂತೆ ಪ್ರಾರ್ಥಿಸಲೆಂದು ಇಂಗ್ಲೆಂಡ್ ಬಿಟ್ಟು, ಕಡಲು ದಾಟಿ ಅಮೆರಿಕ ಸೇರಿದ ಕಟ್ಟುನಿಟ್ಟಿನ ಕ್ರೈಸ್ತರು ಅವರು. ನೆಲೆ ನಿಂತ ಮೇಲೆ, ತಮಗಿಂತ ಬೇರೆಯಾಗಿ ಯೋಚಿಸಿದವರನ್ನು ಊರಾಚೆಗೆ ಅಟ್ಟಿದವರೂ ಅವರೇ. ಸಭೆಯೆದುರು ತಪ್ಪೊಪ್ಪಿಕೊಂಡವರಿಗೆ ಮಾತ್ರ ಉಳಿಗಾಲ. ಅಂಥವರ ನಡುವೆಯೂ ಕವಿತೆ ಬರೆದ ಹೆಂಗಸರಿದ್ದರು. ಎಳೆಯ ಮಕ್ಕಳು ಸತ್ತಾಗ 'ನಿನ್ನ ಚಿತ್ತ' ಎನ್ನುತ್ತಲೇ ದೇವರ ಜೊತೆ ಜಗಳ ತೆಗೆದಿದ್ದರು. ಇದನ್ನು ಹೇಳುತ್ತ ಹೇಳುತ್ತ ನನಗೆ ಹುರುಪೇರಿಬಿಟ್ಟಿತು. ನೀವೂ ದೇವರನ್ನು ಪ್ರಶ್ನಿಸಿ ಪದ್ಯ ಬರೆಯಿರಿ, ಗೋಡೆ ಪತ್ರಿಕೆಗೆ ಹಾಕೋಣ ಎಂದೆ.

ಬರೆದವಳು ಭಾಗ್ಯ ಒಬ್ಬಳೇ. ಜಯಮ್ಮನ ಹಳ್ಳಿಯ ಹುಡುಗಿ. ಅವಳ ಅಕ್ಕನ ಕೂಸಿಗೆ ಜ್ವರ ಏರಿದಾಗ, ಬೆಂಗಳೂರಿಗೆ ಒಯ್ಯಬೇಕೇ ಎಂದು ಮನೆಯವರು ಹೂ ಕೇಳಿದ್ದರು. ಎಡಕ್ಕೆ ಬಿತ್ತು. ಕೂಸು ಉಳಿಯಲಿಲ್ಲ. 'ಆ ಹೂವು ಕಟ್ಟಿದ್ದು ನಾನೇ ತಾಯಿ, ಸಡಿಲ ಕಟ್ಟಿದ್ದೆ' ಎಂದು ಪದ್ಯ ಮುಗಿದಿತ್ತು. ಓದಿ ನಾನು ಅತ್ತೆ.

ಯಾರೋ ಗೋಡೆ ಪತ್ರಿಕೆಯಲ್ಲಿದ್ದ ಅದರ ಫೋಟೊ ತೆಗೆದು ಹಳ್ಳಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಹಿರಿಯರು ಸೇರಿ, ಹುಡುಗಿ ಗುಡಿಯೆದುರು ತಪ್ಪೊಪ್ಪಿಗೆ ಓದಿ ತಪ್ಪುಕಾಣಿಕೆ ಕಟ್ಟುವವರೆಗೆ ಆ ಮನೆಯವರು ಗುಡಿಯೊಳಗೆ ಕಾಲಿಡಬಾರದು ಎಂದರು. ತಪ್ಪುಕಾಣಿಕೆ ಎಂದರೆ ದೇವರ ಕ್ಷಮೆ ಕೇಳಿ ಇಡುವ ಮುಡಿಪು. ಭಾಗ್ಯ ಬರೆಯುವುದಿಲ್ಲ ಎಂದು ಹಟ ಹಿಡಿದಳು. ಅವಳ ಅಪ್ಪ ನನ್ನ ಬಾಗಿಲಿಗೆ ಬಂದ.

"ನಿಮ್ ಮಾತು ಕೇಳ್ತಾಳೆ ಮೇಡಂ. ನೀವೇ ಬರ್ಕೊಡಿ. ಇಲ್ದಿದ್ರೆ ಕಾಲೇಜು ಬುಡುಸ್ಬುಡ್ತೀನಿ."

ಅವಳ ಓದು ಉಳಿಸಲಿಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ದೂರು ಕಾಲೇಜಿಗೆ ಹೋದರೆ ಜೂನ್‌ನಲ್ಲಿ ನನ್ನನ್ನು ಮತ್ತೆ ಕರೆಯುತ್ತಾರೆಯೇ ಎಂಬುದೂ ತಲೆಯಲ್ಲಿತ್ತು, ಸುಳ್ಳೇಕೆ ಹೇಳಲಿ. ಅರ್ಧ ಗಂಟೆಯಲ್ಲಿ ಬರೆದುಮುಗಿಸಿದೆ, ನನ್ನ ಬದುಕಿನಲ್ಲಿ ಅಷ್ಟು ಚಂದವಾಗಿ ಬೇರೇನೂ ಬರೆದಿಲ್ಲ. ಸೋಮವಾರ ಬೆಳಿಗ್ಗೆ ಗುಡಿಯೆದುರು ಭಾಗ್ಯ ಅದನ್ನು ಎಲ್ಲೂ ತಡವರಿಸದೆ ಓದಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಜಯಮ್ಮ ನನ್ನ ಕೈ ಹಿಡಿದು, "ನಮ್ಮೋರೇ ಆಗ್ಬುಟ್ರಿ" ಎಂದರು. ಆ ಒಂದು ಮಾತಿಗಾಗಿ ನಾನು ಎರಡು ವರ್ಷ ಹಂಬಲಿಸಿದ್ದೆ. ಈಗ ಕೇಳಿದಾಗ ಕೈ ಬಿಡಿಸಿಕೊಂಡು ಚಪ್ಪಲಿ ಹುಡುಕತೊಡಗಿದೆ.

ವಾರದ ನಂತರ ಭಾಗ್ಯಳಿಗೆ ಹೊಸ ನೋಟ್‌ಬುಕ್ ಕೊಡಲು ಹೋದೆ, ಇನ್ನು ಬರೆದ ಪದ್ಯ ನನಗೊಬ್ಬಳಿಗೇ ತೋರಿಸು ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನೀವು ಬರ್ದಿದ್ದು ಊರ್ಗೆಲ್ಲಾ ಹಿಡುಸ್ತು ಮೇಡಂ. ಇನ್ಮೇಲೆ ಪದ್ಯನೂ ನೀವೇ ಬರ್ಕೊಳಿ."

ಪದವಿ ಮುಗಿಸಿ ಅವಳೀಗ ಬಿಡದಿಯ ಕಾರ್ಖಾನೆಗೆ ಹೋಗುತ್ತಾಳೆ. ಮತ್ತೆ ಒಂದು ಸಾಲೂ ಬರೆದಿಲ್ಲ. ಬೀದರಿಗೆ ಹೋದರೆ, ನಿನ್ನ ಮಾತು ಆ ಕಡೆಯದಾಗಿಬಿಟ್ಟಿದೆ ಎಂದು ಅವ್ವ ಮುಖ ತಿರುಗಿಸುತ್ತಾಳೆ. ಮಾಗಡಿಯಲ್ಲಿ ಎಲ್ಲರೂ ಕರೆದು ಊಟಕ್ಕೆ ಕೂರಿಸುತ್ತಾರೆ. ಭಾಗ್ಯ ಎದುರಾದರೆ ಮಾತ್ರ 'ನಮಸ್ಕಾರ ಮೇಡಂ' ಎಂದು, ಪರಸ್ಥಳದವರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ.