ನೋಡದ ಜ್ವರ ಬರೆಯದ ಹುಡುಗಿ

ಆ ಹುಡುಗಿಯ ಊರು ಎಮ್ಮಿಗನೂರು ಎಂದು ನೆನಪು, ತಪ್ಪಿರಬಹುದು. ಗಣಿ ಲಾರಿಗಳು ಹಗಲಿಡೀ ಹೊಸಪೇಟೆ ದಾಟುತ್ತಿದ್ದ ವರ್ಷಗಳವು. ನನ್ನ ಅಜ್ಜಿ ಅಲ್ಲಿನ ಆಸ್ಪತ್ರೆಯಲ್ಲಿದ್ದಳು, ನಾನು ಜೊತೆಗಿದ್ದೆ. ಆ ವಾರ್ಡಿನ ಸಿಸ್ಟರ್ ನನ್ನ ಚಿಕ್ಕಮ್ಮ. ಆ ಹುಡುಗಿ ಅಲ್ಲಿಗೆ ಕಲಿಯಲು ಬರುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ.

ನಾಡಿ ಹಿಡಿದರೆ ತುಟಿಯಲ್ಲೇ ಎಣಿಸುತ್ತ ಪೂರ್ತಿ ಒಂದು ನಿಮಿಷ ನಿಲ್ಲುವಳು. ಉಳಿದ ಹುಡುಗಿಯರು ಎಷ್ಟೋ ಸಲ ಹಿಂದಿನ ದಿನದ ಅಂಕಿಯನ್ನೇ ಚಾರ್ಟಿಗೆ ಇಳಿಸುತ್ತಿದ್ದರು. ಅವರು ಅವಸರ ಮಾಡಿದರೆ ಈಕೆ, “ನೋಡಿದ್ದಷ್ಟ ಬರೀತೀನಿ,” ಎನ್ನುವಳು.

“ಬರಿಯವ್ವಾ, ದೀಪಾವಳಿ ತನಕ ಬರಿ!” ಎಂದು ಅವರು ನಗುತ್ತಿದ್ದರು.

ನಮ್ಮ ಪಕ್ಕದ ಮಂಚದಲ್ಲಿ ಸಂಡೂರಿನ ಕಡೆ ಅದಿರು ಆರಿಸುತ್ತಿದ್ದ ಹೆಂಗಸೊಬ್ಬಳು ಮಲಗಿದ್ದಳು. ಒಂದು ಬೆಳಿಗ್ಗೆ ನೋಡಿದರೆ, ಅವಳ ಚಾರ್ಟಿನಲ್ಲಿ ರಾತ್ರಿಯ ಜಾಗ ಖಾಲಿ; ಯಾರೂ ಜ್ವರ ನೋಡಿರಲಿಲ್ಲ. ಡಾಕ್ಟರು ಬರುವ ಹೊತ್ತು.

“ತೊಂಬತ್ತೆಂಟು ಅಂತ ತುಂಬಿಬಿಡು,” ಎಂದಳು ಚಿಕ್ಕಮ್ಮ ಆ ಹುಡುಗಿಗೆ. “ನಿನ್ನ ರೆಕಾರ್ಡ್ ಬುಕ್ಕಿಗೆ ಸೈನ್ ಮಾಡಾಕಿ ನಾನ, ನೆನಪಿರ್ಲಿ.”

ಆ ಸೈನ್ ಇಲ್ಲದೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಹುಡುಗಿ ಪೆನ್ನಿನ ಮುಚ್ಚಳ ಹಾಕಿ, ಥರ್ಮಾಮೀಟರ್ ತೆಗೆದಳು.

ಡಾಕ್ಟರು ಚಾರ್ಟ್ ನೋಡಿ ಕೇಳಿದರು, “ರಾತ್ರಿದು ಎಲ್ಲಿ?”

“ಯಾರೂ ನೋಡಿಲ್ರಿ ಸರ್. ಈಗ ನೂರಾಮೂರು ಐತ್ರಿ.”

ಹೇಳುವಾಗ ಆಕೆ ಚಿಕ್ಕಮ್ಮನತ್ತಲೇ ನೋಡುತ್ತಿದ್ದಳು. ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಆದರೂ ಏನೂ ಕೇಳದ ಹಾಗೆ ಅಜ್ಜಿಯ ಹೊದಿಕೆ ಸರಿಮಾಡುತ್ತಿದ್ದೆ.

ಡಾಕ್ಟರು ಆ ಹೆಂಗಸಿನ ಔಷಧಿ ಬದಲಿಸಿದರು. ಮರುದಿನ ಅಜ್ಜಿಯನ್ನು ಮನೆಗೆ ಕರೆತಂದೆವು. ಮುಂದಿನದು ನನಗೆ ತಿಳಿಯದು.

ಮೊನ್ನೆ, ನಿವೃತ್ತಳಾಗಿರುವ ಚಿಕ್ಕಮ್ಮನನ್ನು ಕೇಳಿದೆ, “ಆ ಹುಡುಗಿ ಬುಕ್ಕಿಗೆ ಸೈನ್ ಮಾಡಿದ್ಯೇನು?”

“ಚಾ ಆರತೈತಿ, ಕುಡಿ,” ಎಂದಳು.