ಜಾವಗಲ್ಲಿನ ಹನ್ನೆರಡು ದೂರುಗಳು

ಹನ್ನೊಂದು ದೂರುಗಳನ್ನು ಒಂದೇ ಸಂಜೆ ಮುಚ್ಚಿದವರು ಮಾಲಿನಿ ಮೇಡಮ್ಮೇ. ಬೇರೆ ಯಾರಾದರೂ ಮುಚ್ಚಿದ್ದರೆ ಮೇಡಂ ಸಿಟ್ಟಿಗೆ ಹೋಗಿ ನಿಲ್ಲಲು ಒಂದು ಬಾಗಿಲಾದರೂ ಸಿಗುತ್ತಿತ್ತು.

ಅರಸೀಕೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರು ಹದಿನಾಲ್ಕು ವರ್ಷಗಳಿಂದ ಸಹಾಯಕಿ. ಲ್ಯಾಬ್ ಖಾಲಿಯಾದ ಮೇಲೆ, ಹಾರನಹಳ್ಳಿ ಬಸ್ಸಿನ ಹೊತ್ತಾಗುವವರೆಗೆ, ಸಂಬಳವಿಲ್ಲದ ಇನ್ನೊಂದು ಕೆಲಸ ಮಾಡುತ್ತಾರೆ. ಕಣ್ಣು ಕಾಣದವರಿಗೆ ಮೊಬೈಲ್ ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ 'ಓದುಗೆಳತಿ' ಎಂಬ ಆ್ಯಪ್ ಇದೆ. ಅದು ಯಾವ ಕಂಪನಿಯದ್ದೂ ಅಲ್ಲ. ಎಲ್ಲೆಲ್ಲೋ ಇರುವ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅದು ಕೆಟ್ಟಾಗ ಬಳಸುವವರು ಬರೆಯುವ ದೂರುಗಳನ್ನು ಮೊದಲು ಓದುವವರು ಮೇಡಂ. ಹೊಸದೋ ಹಳೆಯದೋ, ಎಷ್ಟು ಜನರಿಗೆ ತೊಂದರೆ, ಎಷ್ಟು ತುರ್ತು ಎಂದು ವಿಂಗಡಿಸಿ ಕೋಡ್ ಬರೆಯುವವರಿಗೆ ಕಳಿಸಬೇಕು. ಆಸ್ಪತ್ರೆಯ ಬಾಗಿಲಲ್ಲಿ ಕೂತು, ಯಾರು ಮೊದಲು ಒಳಗೆ ಹೋಗಬೇಕೆಂದು ನೋಡುವವರ ಕೆಲಸದಂಥದ್ದು.

ನಾವು ಲ್ಯಾಬಿನಲ್ಲಿ "ಆಗ್ತಿಲ್ಲ ಮೇಡಂ" ಎಂದರೆ, "ನೀನು ಏನು ಒತ್ತಿದೆ, ಅದು ಏನು ಮಾಡ್ತು, ಅಷ್ಟು ಹೇಳು" ಎನ್ನುತ್ತಿದ್ದರು. ದೂರುಗಳನ್ನೂ ಅವರು ಹಾಗೆಯೇ ಮಾತಾಡಿಸುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಜಾವಗಲ್ಲಿನಿಂದ ಹನ್ನೆರಡು ದೂರುಗಳು ಬಂದವು. ಎಲ್ಲದರಲ್ಲೂ ಒಂದೇ ಹಳೆಯ ಮಾದರಿಯ ಫೋನು, ಅದೇ ಮಾತು: ಕರೆ ಬಂದು ಮುಗಿದ ಮೇಲೆ ಫೋನು ಓದುವುದನ್ನೇ ನಿಲ್ಲಿಸಿಬಿಡುತ್ತದೆ. ಹನ್ನೆರಡೂ ಒಂದೇ ಖಾತೆಯಿಂದ, ಹತ್ತು ನಿಮಿಷದೊಳಗೆ. ಕೆಳಗಿನ ಹೆಸರಷ್ಟೇ ಬೇರೆ. ಒಬ್ಬರೇ ಮತ್ತೆ ಮತ್ತೆ ಕಳಿಸಿದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮುಚ್ಚಬೇಕೆಂಬುದು ನಿಯಮ. ಮೇಡಂ ಒಂದನ್ನು ಇಟ್ಟುಕೊಂಡರು. ತೊಂದರೆಯಾದವರು ಎಷ್ಟು ಎಂಬ ಜಾಗದಲ್ಲಿ ಒಂದು ಎಂದು ತುಂಬಿ ಬಸ್ಸಿಗೆ ಹೋದರು.

ಮೂರು ವಾರದ ಮೇಲೆ ಓದುಗೆಳತಿಯ ತಂಡದಿಂದ ಪ್ರಕಟಣೆ ಬಂತು. ಆ ಹಳೆಯ ಮಾದರಿಯ ಫೋನಿನ ಬಗ್ಗೆ ದೂರು ಕೊಟ್ಟವರು ಒಬ್ಬರೇ. ಹತ್ತು ಜನರಾದರೂ ಇಲ್ಲದಿದ್ದರೆ, ಮುಂದಿನ ಆವೃತ್ತಿಯಿಂದ ಅಂಥ ಫೋನುಗಳಲ್ಲಿ ಓದುಗೆಳತಿ ನಡೆಯುವುದಿಲ್ಲ. ಹೇಳುವುದಿದ್ದರೆ ಶುಕ್ರವಾರದೊಳಗೆ ಹೇಳಿ.

ಬುಧವಾರ ಹೇಮಾಶ್ರೀ ಫೋನ್ ಮಾಡಿದಳು. ನಮ್ಮ ಕಾಲೇಜಿನಲ್ಲೇ ಓದಿ, ಜಾವಗಲ್ಲಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟವಳು.

"ಮುಚ್ಚಿದೋರ ಹೆಸರು ಮಾಲಿನಿ ಅಂತಿತ್ತು. ನಮ್ಮ ಲ್ಯಾಬ್ ಮೇಡಮ್ಮೇನಾ ಅಂತ ಕೇಳೋಣ ಅಂತ."

"ನಾನೇ. ಒಂದೇ ದೂರನ್ನ ಹನ್ನೆರಡು ಸಲ ಯಾಕೆ ಹಾಕ್ದೆ?"

"ಹನ್ನೆರಡು ಜನ ಮೇಡಂ. ರೇಷನ್ ಕಾರ್ಡಿಂದ ಹಿಡಿದು ಊರೋರ ಅರ್ಜಿ ಎಲ್ಲಾ ನಾನೇ ತುಂಬೋದು. ಇದನ್ನೂ ತುಂಬ್ದೆ."

ಒಬ್ಬರು ಬರೆಯುವುದು, ಹತ್ತು ಜನ ಹೆಬ್ಬೆಟ್ಟು ಒತ್ತುವುದು; ಇದನ್ನು ನೋಡಿಕೊಂಡೇ ಮೇಡಂ ಬೆಳೆದದ್ದು. ಆದರೂ ನಿಯಮ ನೆನಪಿತ್ತು, ಊರು ನೆನಪಿರಲಿಲ್ಲ. ತಮ್ಮ ಮೇಲೇ ಸಿಟ್ಟು ಬಂದು, ಪೆನ್ನು ಕೈಗೆತ್ತಿಕೊಂಡರು.

"ಎಲ್ಲರ ನಂಬರ್ ಕೊಡು. ಒಬ್ಬೊಬ್ಬರನ್ನೇ ಕೇಳ್ತೀನಿ."

"ಬೇಡ ಮೇಡಂ. ಫೋನ್ ಬಂದ್ರೇ ತಾನೇ ಅದು ಕೆಡೋದು."

ಗುರುವಾರ ರಜೆ ಹಾಕಿ ಜಾವಗಲ್ಲಿಗೆ ಹೋದರು. ಹೇಮಾಶ್ರೀ ಕರೆಸಿದ್ದ ಹನ್ನೆರಡು ಜನ ಅವಳ ಅಂಗಡಿಯ ಮುಂದಿನ ಬೆಂಚುಗಳ ಮೇಲೆ ಕೂತಿದ್ದರು. ತೆಂಗಿನಕಾಯಿ ಸುಲಿಯುವ ಗಿಡ್ಡಪ್ಪ ಎಲ್ಲರಿಗಿಂತ ಹಿರಿಯ.

"ಮುಚ್ಚಿದೋರು ಬಂದವ್ರೆ ಕಣ್ರಪ್ಪಾ" ಎಂದ. "ಹನ್ನೆರಡು ಜನದಲ್ಲಿ ಒಬ್ಬನ್ನ ಉಳಿಸ್ಕಂಡ್ರಂತೆ. ಯಾವನವ್ವಾ ಆ ಪುಣ್ಯಾತ್ಮ? ಒಂದ್ ಟೀ ಕುಡುಸ್ತೀನಿ."

ಬೆಂಚು ನಕ್ಕಿತು. ಮೇಡಂ ನಗಲಿಲ್ಲ.

"ಹೆಸರು ನೋಡದೆ ಉಳಿಸಿದ್ದು. ತಪ್ಪು ನನ್ನದು."

"ಸರಿ ಬುಡಿ. ಯಾರ ತೋಟಕ್ಕೆ ಬಾ ಅಂತಾರೋ ಅದು ನನಗೆ ಫೋನಲ್ಲೇ ಗೊತ್ತಾಗ್ಬೇಕು. ಬೆಳಗ್ಗೆ ಒಂದ್ ಫೋನ್ ಬಂತು ಅಂದ್ರೆ ಮುಗೀತು, ಆಮ್ಯಾಕೆ ಯಾರು ಕರುದ್ರೋ ಏನ್ ಕಥೆಯೋ. ಆಫ್ ಮಾಡಿ ಆನ್ ಮಾಡಿ ಅಂತಾರೆ. ಆಫ್ ಮಾಡೋ ಗುಂಡಿ ಎಲ್ಲೈತೆ ಅಂತ ಹೇಳೋ ಬಾಯೇ ಮುಚ್ಚೋಗೈತಲ್ಲ."

ಪಕ್ಕದಲ್ಲಿದ್ದ ಲತಾಮಣಿ, "ಮೆಸೇಜ್ ಬಂದ್ರೆ ಪಕ್ಕದ್ಮನೆಯೋರ ಕೈಲಿ ಓದುಸ್ಬೇಕು ಮೇಡಂ. ನಮ್ಮಣ್ಣ ನನಗೆ ಬೈದಿದ್ದು ನನಗಿಂತ ಮುಂಚೆ ಬೀದಿಗೆ ಗೊತ್ತಾಯ್ತದೆ" ಎಂದಳು.

ಮೇಡಂ ಒಬ್ಬೊಬ್ಬರ ಹೆಸರು ಹೇಳಿಸಿದರು. ಒಬ್ಬೊಬ್ಬರಿಗೂ ತಮ್ಮ ಫೋನಿನಿಂದ ಕರೆ ಮಾಡಿ, ಕತ್ತರಿಸಿ, ಅವರ ಬೆರಳು ಪರದೆಯ ಮೇಲೆ ಓಡಾಡುವುದನ್ನು ಹೇಮಾಶ್ರೀಯ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಹನ್ನೆರಡು ಸಲ ಫೋನು ರಿಂಗಾಯಿತು. ಹನ್ನೆರಡು ಸಲವೂ ಬೆರಳು ಉತ್ತರಕ್ಕಾಗಿ ಕಾಯಿತು, ಗಾಜು ಮಾತಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ದೂರುಗಳನ್ನೂ ಮತ್ತೆ ತೆರೆದು, ಪ್ರತಿಯೊಂದಕ್ಕೂ ಅವರವರ ವಿಡಿಯೊ ಸೇರಿಸಿದರು. 'ಇದನ್ನು ತಪ್ಪಾಗಿ ಮುಚ್ಚಿದವಳು ನಾನು' ಎಂದು ಹನ್ನೊಂದು ಸಲ ಬರೆದರು. ಮಧ್ಯಾಹ್ನ, ಆವೃತ್ತಿಗಳನ್ನು ಹೊರತರುವ ಹೊಣೆಯಿದ್ದ ಚೇತನ್‌ಕುಮಾರ್ ಮೈಸೂರಿನಿಂದ ಕರೆ ಮಾಡಿದರು. ಅವರೂ ಸಂಬಳವಿಲ್ಲದೆ ದುಡಿಯುವವರೇ.

"ಮೇಡಂ, ಎಲ್ಲಾ ಒಂದೇ ಖಾತೆಯಿಂದ ಬಂದಿದೆ. ರೂಲ್ ನಿಮಗೆ ಗೊತ್ತಲ್ಲ."

"ಗೊತ್ತಿದ್ದಕ್ಕೇ ಮುಚ್ಚಿದ್ದು."

"ಅವರವರೇ ಒಂದೊಂದು ಖಾತೆ ಮಾಡ್ಕೊಳ್ಳಲಿ."

"ಯಾವುದ್ರಲ್ಲಿ? ಬಾಯಿ ಬಿಡದ ಫೋನಲ್ಲಾ?"

ಚೇತನ್ ಉಸಿರೆಳೆದುಕೊಂಡರು. "ಆಯ್ತು. ಕಣ್ಣು ಕಾಣದೋರು ಅಂತ ಇದೊಂದಕ್ಕೆ ವಿನಾಯಿತಿ ಕೊಡೋಣ ಬಿಡಿ."

"ಚೇತನ್, ಈ ಆ್ಯಪ್ ಬಳಸೋರಲ್ಲಿ ಕಣ್ಣು ಕಾಣೋರು ಯಾರಿದ್ದಾರೆ?"

ಲ್ಯಾಬಿನಲ್ಲಿದ್ದ ನಾವು ಕೀಲಿಮಣೆಗಳಿಂದ ಕೈ ತೆಗೆದೆವು. ಅವರ ದನಿ ಏರಿರಲಿಲ್ಲ.

"ವಿನಾಯಿತಿ ಅಂತ ಬರೀಬೇಡಿ. ಹನ್ನೆರಡು ಅಂತ ಬರೀರಿ. ನಾನು ಒಂದು ಅಂತ ಬರೆದಿದ್ದು ಸುಳ್ಳು. ಆ ಸುಳ್ಳಿನ ಮೇಲೆ ನೀವು ದಯೆ ತೋರಿಸ್ತಿದ್ದೀರಿ."

ಸಂಜೆ ನಾಲ್ಕೂ ಹತ್ತಕ್ಕೆ ತೊಂದರೆಯಾದವರು ಎಷ್ಟು ಎಂಬ ಜಾಗದಲ್ಲಿ ಹನ್ನೆರಡು ಎಂದು ಬಂತು. ಹಳೆಯ ಫೋನುಗಳು ಉಳಿದವು. ಮುಚ್ಚಿದ ದೂರನ್ನು ಸ್ವಯಂಸೇವಕರು ತಾವಾಗಿ ತೆರೆಯುವಂತಿಲ್ಲ ಎಂಬ ಹೊಸ ನಿಯಮವೂ ಅದೇ ಸಂಜೆ ಬಂತು. ಮೇಡಂ ಅದನ್ನು ಓದಿ, ಕುರ್ಚಿಯನ್ನು ಮೇಜಿನಡಿಗೆ ಜೋರಾಗಿ ತಳ್ಳಿದರು. ಅಷ್ಟೇ.

ಏಪ್ರಿಲ್ ಕೊನೆಯಲ್ಲಿ ಸರಿಪಡಿಸಿದ ಆವೃತ್ತಿ ಬಂದಾಗ ಮತ್ತೆ ಜಾವಗಲ್ಲಿಗೆ ಹೋದರು. ಅದೇ ಬೆಂಚು, ಅದೇ ಜನ. ಒಂದೊಂದಾಗಿ ಕರೆ ಮಾಡಿ ಕತ್ತರಿಸಿದರು. ಗಿಡ್ಡಪ್ಪನ ಫೋನು ಕರೆ ಮುಗಿದ ಕೂಡಲೇ ಹೊತ್ತು ಹೇಳಿತು, ಚಾರ್ಜು ಎಷ್ಟಿದೆ ಎಂದು ಹೇಳಿತು. "ಸಾಕು ಸುಮ್ಕಿರು" ಎಂದು ಅವನೇ ಗದರಬೇಕಾಯಿತು.

ಹನ್ನೊಂದು ಫೋನುಗಳು ಮಾತಾಡಿದವು. ಲತಾಮಣಿಯದು ಮಾತಾಡಲಿಲ್ಲ. ಎರಡು ಸಲ, ಮೂರು ಸಲ ಕರೆ ಮಾಡಿದರೂ ಇಲ್ಲ.

"ನಂದೊಂದೇನಾ?" ಎಂದಳು ಲತಾಮಣಿ.

"ಹೌದು."

"ಒಬ್ಳಿಗೋಸ್ಕರ ಮಾಡ್ತಾರಾ ಮೇಡಂ?"

ಮೇಡಂ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು, ತಮ್ಮ ಫೋನು ತೆಗೆದು, ಹೊಸ ದೂರು ಬರೆಯತೊಡಗಿದರು. ಎಷ್ಟು ತುರ್ತು ಎಂಬ ಜಾಗಕ್ಕೆ ಬಂದಾಗ ಬೆರಳು ತಡವರಿಸಲಿಲ್ಲ. ಎಲ್ಲಕ್ಕಿಂತ ಮೇಲಿನದನ್ನು ಒತ್ತಿದರು.