ಮಾಳಿಗೆಯ ಮೇಲಿನ ಗೋಡೆ

ಯಾದಗಿರಿಯಲ್ಲಿ ನಾವಿದ್ದ ಮನೆ ಸಂಘದ್ದು. ಏಕೀಕರಣದ ಆಸುಪಾಸಿನ ವರ್ಷಗಳಲ್ಲಿ ಮಾಸ್ತರರು, ಗುಮಾಸ್ತರು, ಸಣ್ಣ ಅಂಗಡಿಕಾರರು ಸೇರಿ ಪಾಲು ಹಾಕಿ, ತಾವೇ ಒಂದು ಸಹಕಾರ ಸಂಘ ಮಾಡಿಕೊಂಡು ಎರಡು ಸಾಲು ಕಲ್ಲಿನ ಮನೆ ಕಟ್ಟಿಸಿದ್ದರು. ಪಾಲು ಹಾಕಿದವನು ಸದಸ್ಯ, ಸದಸ್ಯನಿಗೆ ಇರಲೊಂದು ಮನೆ. ಶಾಲೆ ಮಾಸ್ತರನಾಗಿದ್ದ ನನ್ನ ಅಪ್ಪನೂ ಒಬ್ಬ ಸದಸ್ಯ. ಆದರೆ ಹೊರಗೋಡೆಗೆ ಒಂದು ಗೂಟ ಹೊಡೆಯಬೇಕಾದರೂ ಸಭೆ ಒಪ್ಪಬೇಕು. ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಸಭೆ ಕೂಡುತ್ತಿತ್ತು. ಗಂಡಸರದೇ ಸಭೆ. ಹೆಂಗಸರಿಗೆ ಚಹಾ ಮಾಡಿ ಕಳಿಸುವ ಕೆಲಸ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲಿನ ಮಣ್ಣಿನ ಮಾಳಿಗೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ. ನಮ್ಮ ಪಕ್ಕದಲ್ಲಿ ಶಹಾಪುರದಿಂದ ಬಂದ ಸಾಹೇಬರೊಬ್ಬರ ಮನೆ. ನಿಜಾಮರ ಕಾಲದಲ್ಲಿ ಕೋರ್ಟಿನಲ್ಲಿ ಕೆಲಸ ಮಾಡಿದವರು, ಆಗ ನಿವೃತ್ತರು. ಅವರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ, ಅವ್ವ ಅಕ್ಕಾ ಎನ್ನುತ್ತಿದ್ದಳು. ಖಾಲಾ ಗೋಷಾದವರು, ಪರ ಗಂಡಸರ ಕಣ್ಣಿಗೆ ಬೀಳುವಂತಿರಲಿಲ್ಲ. ಹಗಲಲ್ಲಿ ಅವರು ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಸುರಪುರದ ತವರು ಬಿಟ್ಟು ಬಂದ ಅವ್ವನಿಗೂ ಈ ಊರಲ್ಲಿ ತನ್ನವರೆಂಬವರು ಯಾರೂ ಇರಲಿಲ್ಲ. ಇಳಿಹೊತ್ತಿಗೆ ಇಬ್ಬರೂ ಮೆಣಸಿನಕಾಯಿ ಮಗುಚುವ ನೆಪ ಮಾಡಿಕೊಂಡು ಮಾಳಿಗೆ ಹತ್ತುವರು. ಆ ಹೊತ್ತಿನಲ್ಲಿ ಗಂಡಸರು ಮೇಲೆ ಬರುತ್ತಿರಲಿಲ್ಲ. ಒಂದೇ ಕೌದಿಗೆ ಆ ಕಡೆಯಿಂದ ಖಾಲಾ, ಈ ಕಡೆಯಿಂದ ಅವ್ವ ಹೊಲಿಗೆ ಹಾಕುವರು. ಕೈಗಿಂತ ಬಾಯಿ ಜೋರು. ಕೆಳಗೆ ಬಾಯಿ ಬಿಗಿದುಕೊಂಡೇ ಇರುತ್ತಿದ್ದ ಅವ್ವ ಅಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ತುದಿಮನೆಯ ಸದಸ್ಯ ಸಭೆಯಲ್ಲಿ ತಕರಾರು ತೆಗೆದ. ಮಾಳಿಗೆಯ ಮೇಲೆ ಮಂದಿ ಓಡಾಡಿ ಅವನ ಊಟದ ಗಂಗಾಳದಲ್ಲಿ ಮಣ್ಣು ಉದುರುತ್ತದಂತೆ. ಮನೆ ಮನೆಯ ನಡುವೆ ಮೇಲೆ ಆಳೆತ್ತರದ ಗೋಡೆ ಏಳಿಸೋಣ ಎಂದ. ಚರ್ಚೆ ನಡೆದು, ಎರಡೂ ಪಕ್ಕದ ಸದಸ್ಯರು ಒಪ್ಪಿದ ಕಡೆ ಮಾತ್ರ ಗೋಡೆ, ಒಬ್ಬ ಒಲ್ಲೆ ಎಂದರೂ ಇಲ್ಲ ಎಂದು ತೀರ್ಮಾನವಾಯಿತು.

ಒಂದೊಂದೇ ಮನೆಯವರನ್ನು ಕೇಳುತ್ತ ಬಂದು ನಮ್ಮ ಸರದಿ ಬಂತು. ಅವ್ವ ಬೇವಿನ ಗಿಡದ ಕಡೆಯ ಕಿಟಕಿಗೆ ಕಿವಿಗೊಟ್ಟು ಒಳಗೆ ನಿಂತಿದ್ದಳು.

"ನಿಮ್ಮ ಮರ್ಜಿರಿ ಸಾಹೇಬ್ರ," ಎಂದ ಅಪ್ಪ.

"ಇಲ್ರಿ ಮಾಸ್ತರ್ರ, ನೀವು ಹೆಂಗಂತೀರಿ ಹಂಗ," ಎಂದರು ಸಾಹೇಬರು.

ಹೀಗೇ ಒಬ್ಬರ ಮುಖ ಒಬ್ಬರು ನೋಡಿ ನೋಡಿ, ಕಡೆಗೆ ಇಬ್ಬರೂ ಗೋಡೆ ಆಗಲೆಂದು ಕೈ ಎತ್ತಿದರು. ಎದುರು ಸಾಲಿನಲ್ಲಿ ದಿನಾ ನೀರಿಗಾಗಿ ಬೈದಾಡುವ ಎರಡು ಮನೆಗಳಿದ್ದವು. ಅವರು ಇದರಲ್ಲೂ ಒಮ್ಮತಕ್ಕೆ ಬರಲಿಲ್ಲ, ಅವರ ಮಾಳಿಗೆ ಬಯಲಾಗಿಯೇ ಉಳಿಯಿತು. ಮರ್ಯಾದಸ್ಥರ ನಡುವೆ ಗೋಡೆ ಎದ್ದಿತು. ಸುಡಲಿ ಆ ಮರ್ಯಾದೆ.

ಕೆಲವು ದಿನ ಅವ್ವ ಮತ್ತು ಖಾಲಾ ಗೋಡೆಯ ಆಚೆ ಈಚೆ ನಿಂತು ಮಾತಾಡಿ ನೋಡಿದರು. ಅವರ ಮಾತುಗಳು ಕೂಗಿ ಹೇಳುವಂಥವಾಗಿರಲಿಲ್ಲ. ಆಮೇಲೆ ಅದೂ ನಿಂತಿತು. ಮುಂಬಾಗಿಲಿಂದ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಾಗಿಲ ಮುಂದೆಯೇ ಬೇವಿನ ಗಿಡ, ಅದರ ಕೆಳಗೆ ಸದಾ ಗಂಡಸರು. ನಿಜಾಮರ ರಾಜ್ಯ ಹೋಗುವಾಗಿನ ಗಲಾಟೆಯ ಅಂಜಿಕೆ ಎರಡೂ ಕಡೆಯವರ ಎದೆಯಲ್ಲಿ ಇನ್ನೂ ಇತ್ತು. ಮಾಸ್ತರರ ಹೆಂಡತಿ ಸಾಬರ ಮನೆ ಹೊಕ್ಕಳೆಂದು ಮಂದಿ ಆಡಿಕೊಂಡರೆ ಹೇಗೆ ಎಂದು ಅವ್ವ ಹಿಂಜರಿದಳು. ಮೆಣಸಿನಕಾಯಿ ಹರವಿ, ತುಟಿ ಬಿಚ್ಚದೆ ಇಳಿದು ಬರುತ್ತಿದ್ದಳು. ಮನೆಯೇ ಬಿಕೋ ಎನ್ನುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಸಾಹೇಬರು ನಮ್ಮಲ್ಲಿಗೆ ಬಂದರು.

"ಪಾಲು ಸಂಘಕ್ಕ ವಾಪಸ್ ಕೊಟ್ಟೀನ್ರಿ ಮಾಸ್ತರ್ರ. ಗುಲ್ಬರ್ಗಾದಾಗ ಮಗನ ಹತ್ರ ಹೊಂಟೇವಿ."

"ಯಾಕ್ರಿ, ಇಲ್ಲೇನು ತ್ರಾಸ ಆತು?"

"ನನಗೇನಿಲ್ರಿ. ಮನ್ಯಾಗ ಆಕೀಗಿ ಮನಸ್ಸು ನಿಂದ್ರವಲ್ದು. ಗ್ವಾಡಿ ಎದ್ದಾಗಿಂದ ಮಾತಾಡಾಕ ಯಾರೂ ಇಲ್ಲ. ಒಬ್ಬಾಕೀನ ಕುಂತು ಸೊರಗ್ಯಾಳ."

ಅಪ್ಪ ಕಣ್ಣರಳಿಸಿ ನೋಡಿದ. "ಗ್ವಾಡಿ ನಿಮಗ ಬೇಕಾಗಿತ್ತಲ್ರಿ? ಗೋಷಾದ ಮನಿ, ಬ್ಯಾಡ ಅನ್ನೋದು ಹೆಂಗಂತ ನಾ ಕೈ ಎತ್ತಿದೆ."

"ನಮಗೆಲ್ಲಿದ್ರಿ? ಕಾಲ ಬದಲಾಗ್ಯಾದ, ನಮ್ಮ ಮಂದಿ ನಿಮ್ಮ ಮಾಳಿಗಿ ಮ್ಯಾಲ ಓಡಾಡೋದು ನಿಮಗ ಮುಜುಗರ ಆಗ್ತಿರಬೇಕಂತ ನಾ ಎತ್ತಿದೆ."

ನಾಳೆಯೇ ಗೋಡೆ ಕೆಡವಿಸೋಣ, ಪಾಲು ಹಿಂದಕ್ಕೆ ತಗೊಳ್ರಿ ಎಂದ ಅಪ್ಪ. ಸಾಹೇಬರು ತಲೆ ಅಲ್ಲಾಡಿಸಿದರು. ಸಂಘ ಆ ಮನೆಯನ್ನು ಹತ್ತಿಕುಣಿಯ ಕಡೆಯ ಒಬ್ಬರಿಗೆ ಕೊಟ್ಟಾಗಿತ್ತು. ಬರುವವರು ಸಾಮಾನು ಕೂಡ ಕಟ್ಟಿದ್ದರು.

ಅವ್ವ ಒಳಬಾಗಿಲಿಗೆ ಬಂದು ನಿಂತಳು. ಪರ ಗಂಡಸರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಕೈ ಎತ್ತಿದವ್ರು ನೀವಿಬ್ರು. ಮ್ಯಾಲ ಕೂಡ್ತಿದ್ದವ್ರು ನಾವಿಬ್ರು. ಒಬ್ರಾದ್ರೂ ನಮ್ಮನ್ನ ಒಂದು ಮಾತ ಕೇಳಿದ್ರೇನು?"

ಅವ್ವ ಸೆರಗು ಹೊದ್ದುಕೊಂಡು, ನನ್ನ ಕೈ ಹಿಡಿದು, ಮುಂಬಾಗಿಲಿಂದ ಹೊರಬಿದ್ದಳು. ಗಿಡದ ಕೆಳಗೆ ಏಳೆಂಟು ಜನ ಕೂತಿದ್ದರು. ಒಬ್ಬರು ಚಾಚಿದ ಕಾಲು ಮಡಚಿ ದಾರಿ ಬಿಟ್ಟು, ಹತ್ತಿಯ ಧಾರಣೆಯ ಮಾತಿಗೆ ಮರಳಿದರು. ಉಳಿದವರು ತಲೆ ಎತ್ತಲೂ ಇಲ್ಲ. ಅವ್ವ ಖಾಲಾನ ಮನೆ ಹೊಕ್ಕಳು.

ದೀಪ ಹಚ್ಚುವ ಹೊತ್ತಿಗೆ ಬಂದು ಒಲೆಯ ಮುಂದೆ ಕೂತಳು. ಖಾಲಾನ ಜೊತೆ ಅತ್ತು ಅವಳ ಕಣ್ಣು ಕೆಂಪಾಗಿದ್ದವು, ಆ ಅಳು ಅಲ್ಲೇ ಮುಗಿದಿರಬೇಕು ಅಂದುಕೊಂಡೆ. ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಮತ್ತೆ ಅಳತೊಡಗಿದಳು.

"ಯಾರೂ ಏನೂ ಅನ್ನಲಿಲ್ಲ ನೋಡ ಮಗಳ," ಎಂದಳು. "ದಿನಾ ಹೋಗಬಹುದಿತ್ತು."